ಪರದೇಶದಲ್ಲಿ ವ್ರತಪಾಲನೆ: ವಿದ್ಯಾರ್ಥಿ ಮೋಹನದಾಸ ಗಾಂಧಿ

ವ್ರತವನ್ನು ಸ್ವೀಕರಿಸುವುದು ಒಂದು ಗಳಿಗೆಯ ಕಾರ್ಯ. ಅದನ್ನು ಪಾಲಿಸುವುದು ಪ್ರತಿದಿನದ ಕಾರ್ಯ. ಬಸದಿಯಲ್ಲಿ, ಗುರುಸನ್ನಿಧಿಯಲ್ಲಿ, ಬಂಧುಬಳಗದ ನಡುವೆ ಕೈಗೊಂಡ ನಿಯಮವು ಮನೆಯ ಅಡುಗೆಯ ಆಶ್ರಯದಲ್ಲಿ ಸುಲಭವಾಗಿ ನಡೆದುಹೋಗುತ್ತದೆ. ತಾಯಿಯೋ ಅಜ್ಜಿಯೋ ತಿಥಿಯನ್ನು ನೆನಪಿಸುತ್ತಾರೆ. ಸೂರ್ಯಾಸ್ತಕ್ಕೆ ಮೊದಲೇ ಎಲೆ ಹಾಕುತ್ತಾರೆ. ಅದೇ ನಿಯಮವು ಕಡಲಾಚೆಯ ಊರಿನಲ್ಲಿ, ನೆನಪಿಸುವವರಿಲ್ಲದೆ, ಹಸಿದ ಹೊಟ್ಟೆಯ ಎದುರಿಗೆ ಒಂಟಿಯಾಗಿ ನಿಲ್ಲಬೇಕಾದಾಗ ಅದರ ಬೇರು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ತಿಳಿಯುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಟ್ಟಸೀಮೆಯು ಕಾಫಿಯ ನಾಡಾಗುವುದಕ್ಕೆ ಶತಮಾನಗಳ ಮೊದಲೇ ಜಿನಧರ್ಮದ ನೆಲೆಯಾಗಿದ್ದಿತು. ಹೊಯ್ಸಳರ ಮೂಲಸ್ಥಾನವೆಂದು ಹೆಸರಾದ ಮೂಡಿಗೆರೆ ಸೀಮೆಯ ಅಂಗಡಿಯಲ್ಲಿ ಹಳೆಯ ಬಸದಿಗಳಿವೆ. ಕಳಸ ಮತ್ತು ಕಾರ್ಕಳಗಳನ್ನು ಆಳಿದ ಭೈರರಸರು ಜಿನಭಕ್ತರು. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ದೇವಿಯ ಸನ್ನಿಧಿಯೂ ಜೈನ ಮಠವೂ ಇವೆ. ಇಂಥ ಸೀಮೆಯ ಶ್ರಾವಕರ ಮನೆಗಳಿಂದ ಇಂದು ಮಕ್ಕಳು ವಿದ್ಯಾಭ್ಯಾಸಕ್ಕಾಗಿ ಪರದೇಶಗಳಿಗೆ ಹೊರಡುತ್ತಾರೆ. ಕೆಲವರು ಪೂರ್ಣ ವ್ಯಾಸಂಗಕ್ಕೆ, ಕೆಲವರು ವಿಶ್ವವಿದ್ಯಾಲಯಗಳ ವಿನಿಮಯ ಯೋಜನೆಯಲ್ಲಿ ಕೆಲವು ತಿಂಗಳುಗಳ ಮಟ್ಟಿಗೆ. ಹೊರಡುವ ಮಗುವಿಗಿಂತ ಮನೆಯಲ್ಲಿ ಉಳಿಯುವ ತಾಯಿಗೆ ಚಿಂತೆ ಹೆಚ್ಚು. ಅಲ್ಲಿ ಏನು ಉಂಡೀತು, ನಿಯಮ ಉಳಿದೀತೇ ಎಂಬುದೇ ಆ ಚಿಂತೆ.

1927ರ ಆಗಸ್ಟ್ ತಿಂಗಳಲ್ಲಿ ಚಿಕ್ಕಮಗಳೂರಿಗೆ ಬಂದಿದ್ದ ಮಹಾತ್ಮಾ ಗಾಂಧಿಯವರ ಜೀವನದಲ್ಲಿ ಈ ಚಿಂತೆಗೆ ಉತ್ತರವಿದೆ. ಅವರು ಜೈನರಾಗಿರಲಿಲ್ಲ. ಆದರೆ ಅವರ ಬಾಳಿನ ಮೊದಲ ದೊಡ್ಡ ವ್ರತವು ಓರ್ವ ಜೈನ ಸಾಧುವಿನ ಸಮ್ಮುಖದಲ್ಲಿ ಆದುದು. ಆ ವ್ರತವು ಪರೀಕ್ಷೆಗೆ ಒಳಗಾದುದು ವಿದ್ಯಾರ್ಥಿಯಾಗಿ ಲಂಡನ್ನಿನಲ್ಲಿ ಕಳೆದ ಮೊದಲ ತಿಂಗಳಿನಲ್ಲಿ.

ತಾಯಿಯ ಉಪವಾಸಗಳು

ಮೋಹನದಾಸ ಕರಮಚಂದ ಗಾಂಧಿಯು 1869ರ ಅಕ್ಟೋಬರ್ 2ರಂದು ಕಾಠಿಯಾವಾಡದ ಪೋರಬಂದರಿನಲ್ಲಿ ಜನಿಸಿದನು. ಮನೆತನ ವೈಷ್ಣವ ಬನಿಯರದು. ಆದರೆ ಗುಜರಾತಿನ ಆ ಭಾಗದಲ್ಲಿ ಜೈನರ ಪ್ರಭಾವ ಬಲವಾಗಿದ್ದಿತು. ಜೈನ ಸಾಧುಗಳು ಆ ಮನೆಗೆ ಬರುತ್ತಿದ್ದರು, ಆಹಾರ ಸ್ವೀಕರಿಸುತ್ತಿದ್ದರು, ಧರ್ಮದ ಮಾತು ಆಡುತ್ತಿದ್ದರು. ಮಾಂಸಾಹಾರವೆಂದರೆ ಆ ಸೀಮೆಯ ಜೈನರಿಗೂ ವೈಷ್ಣವರಿಗೂ ಸಮನಾದ ಜುಗುಪ್ಸೆ.

ತಾಯಿ ಪುತಲೀಬಾಯಿಯವರು ಅಕ್ಷರ ಕಲಿತವರಲ್ಲ, ಆದರೆ ವ್ರತದಲ್ಲಿ ಕಠಿಣರು. ಚಾತುರ್ಮಾಸದಲ್ಲಿ ದಿನಕ್ಕೆ ಒಂದೇ ಹೊತ್ತಿನ ಊಟ ಅವರಿಗೆ ರೂಢಿಯಾಗಿದ್ದಿತು. ಒಂದು ವರ್ಷ ದಿನ ಬಿಟ್ಟು ದಿನ ಉಪವಾಸ ಮಾಡಿದರು. ಎರಡು ಮೂರು ದಿನಗಳ ಉಪವಾಸವನ್ನು ಒಂದರ ಮೇಲೊಂದು ಮಾಡುವುದು ಅವರಿಗೆ ಭಾರವೆನಿಸುತ್ತಿರಲಿಲ್ಲ. ಮತ್ತೊಂದು ಚಾತುರ್ಮಾಸದಲ್ಲಿ ಸೂರ್ಯದರ್ಶನವಾಗದೆ ಉಣ್ಣುವುದಿಲ್ಲವೆಂಬ ನಿಯಮ ಹಿಡಿದರು. ಮಕ್ಕಳು ಅಂಗಳದಲ್ಲಿ ನಿಂತು ಮೋಡಗಳನ್ನೇ ನೋಡುತ್ತಿದ್ದರು. ಸೂರ್ಯ ಇಣುಕಿದೊಡನೆ ಒಳಗೆ ಓಡಿ ತಾಯಿಗೆ ತಿಳಿಸುತ್ತಿದ್ದರು. ಆಕೆ ಹೊರಗೆ ಬರುವಷ್ಟರಲ್ಲಿ ಮೋಡ ಮುಚ್ಚಿಕೊಂಡಿರುತ್ತಿತ್ತು. ದೇವರಿಗೆ ಇಂದು ತನ್ನ ಊಟ ಇಷ್ಟವಿಲ್ಲವೆಂದು ನಗುತ್ತಲೇ ಆಕೆ ಮನೆಗೆಲಸಕ್ಕೆ ಹಿಂದಿರುಗುತ್ತಿದ್ದರು.

ಮೂಡಿಗೆರೆ, ಕಳಸಗಳ ಮಳೆಗಾಲವನ್ನು ಬಲ್ಲವರಿಗೆ ಈ ವ್ರತದ ಕಾಠಿಣ್ಯವನ್ನು ವಿವರಿಸಬೇಕಾಗಿಲ್ಲ. ಆಷಾಢ ಶ್ರಾವಣಗಳಲ್ಲಿ ಇಲ್ಲಿ ದಿನಗಟ್ಟಲೆ ಸೂರ್ಯನ ಮುಖ ಕಾಣದು. ಆ ಮಕ್ಕಳಲ್ಲಿ ಒಬ್ಬನಾಗಿದ್ದ ಮೋಹನದಾಸನು ಅಲ್ಲಿ ಕಲಿತ ಪಾಠ ಎರಡು: ವ್ರತಕ್ಕೆ ರಿಯಾಯಿತಿಯಿಲ್ಲ, ವ್ರತಕ್ಕಾಗಿ ಮುಖ ಸಿಂಡರಿಸುವುದೂ ಇಲ್ಲ.

ಮೂರು ಪ್ರತಿಜ್ಞೆಗಳು

ತಂದೆ ಕರಮಚಂದರು 1885ರಲ್ಲಿ ತೀರಿಕೊಂಡರು. 1887ರಲ್ಲಿ ಮೋಹನದಾಸನು ಮೆಟ್ರಿಕ್ಯುಲೇಷನ್ ಮುಗಿಸಿ, ಮರುವರ್ಷ ಭಾವನಗರದ ಕಾಲೇಜಿಗೆ ಸೇರಿದನು. ಅಲ್ಲಿ ಪಾಠ ಹತ್ತಲಿಲ್ಲ. ಒಂದು ಅವಧಿ ಮುಗಿಸಿ ಊರಿಗೆ ಬಂದಾಗ, ಕುಟುಂಬದ ಹಿತೈಷಿ ಮಾವಜಿ ದವೆಯವರು ಹುಡುಗನನ್ನು ಇಂಗ್ಲೆಂಡಿಗೆ ಕಳುಹಿಸಿ ಬ್ಯಾರಿಸ್ಟರನಾಗಿ ಮಾಡಬೇಕೆಂದು ಸಲಹೆಯಿತ್ತರು. ಮಗನು ಕುಣಿದಾಡಿದನು, ತಾಯಿಯ ಮನಸ್ಸು ಒಪ್ಪಲಿಲ್ಲ. ಅಲ್ಲಿಗೆ ಹೋದ ತರುಣರು ಮಾಂಸ ತಿನ್ನುತ್ತಾರೆ, ಮದ್ಯವಿಲ್ಲದೆ ಬದುಕುವುದು ಅಲ್ಲಿ ಸಾಧ್ಯವಿಲ್ಲ ಎಂದು ಆಕೆ ಕೇಳಿದ್ದರು.

ಆಗ ಮುಂದೆ ಬಂದವರು ಬೇಚರಜಿ ಸ್ವಾಮಿಗಳು. ಅವರು ಮೂಲತಃ ಗಾಂಧಿಯವರ ಜಾತಿಯಾದ ಮೋಢ ಬನಿಯರಲ್ಲಿ ಹುಟ್ಟಿ ಜೈನ ಸಾಧುವಾದವರು. ಆ ಮನೆಗೆ ಬೇಕಾದವರು. ಹುಡುಗನಿಗೆ ಮೂರು ಪ್ರತಿಜ್ಞೆಗಳನ್ನು ಕೊಡಿಸಿ ಕಳುಹಿಸಬಹುದೆಂದು ಅವರು ತಾಯಿಗೆ ಹೇಳಿದರು. ಅವರೇ ಪ್ರತಿಜ್ಞೆಯನ್ನು ಬೋಧಿಸಿದರು. ಮದ್ಯ, ಮಾಂಸ, ಸ್ತ್ರೀಸಂಗ, ಈ ಮೂರನ್ನೂ ಮುಟ್ಟುವುದಿಲ್ಲವೆಂದು ಮೋಹನದಾಸನು ವ್ರತ ತೊಟ್ಟನು. ತಾಯಿಯ ಅನುಮತಿ ದೊರೆಯಿತು.

ಶ್ರಾವಕರಿಗೆ ಈ ಮೂರು ಹೊಸವಲ್ಲ. ಮದ್ಯ ಮಾಂಸಗಳ ತ್ಯಾಗವು ಅಷ್ಟಮೂಲಗುಣಗಳಲ್ಲಿಯೇ ಸೇರಿದೆ; ಮೂರನೆಯದು ಬ್ರಹ್ಮಚರ್ಯಾಣುವ್ರತದ ನೆರಳಿನಲ್ಲಿದೆ. ಆದರೆ ವ್ರತ ತೊಟ್ಟ ತರುಣನ ಒಳಗು ಹೇಗಿದ್ದಿತು ಎಂಬುದನ್ನು ಗಮನಿಸಬೇಕು. ಶಾಲೆಯಲ್ಲಿದ್ದಾಗ ಒಬ್ಬ ಗೆಳೆಯನ ಬೋಧೆಗೆ ಸಿಲುಕಿ, ಆಂಗ್ಲರಂತೆ ಬಲಶಾಲಿಯಾಗಬೇಕೆಂಬ ಆಸೆಯಿಂದ ಅವನು ಗುಟ್ಟಾಗಿ ಕೆಲವು ಸಲ ಮಾಂಸ ತಿಂದಿದ್ದನು. ಮೊದಲ ರಾತ್ರಿ ಹೊಟ್ಟೆಯೊಳಗೆ ಆಡು ಅರಚಿದಂತಾಗಿ ನಿದ್ರೆ ಬಂದಿರಲಿಲ್ಲ. ಮುಂದೆ ಅದನ್ನು ನಿಲ್ಲಿಸಿದುದು ಮಾಂಸದ ಮೇಲಣ ಹೇಸಿಗೆಯಿಂದಲ್ಲ, ತಂದೆತಾಯಿಗಳಿಗೆ ಸುಳ್ಳು ಹೇಳಲಾರದೆ. ಮಾಂಸಾಹಾರ ಒಳ್ಳೆಯದು, ಮುಂದೊಂದು ದಿನ ಬಹಿರಂಗವಾಗಿಯೇ ತಿನ್ನಬಹುದು ಎಂಬ ನಂಬಿಕೆ ಆಗಲೂ ಅವನಲ್ಲಿ ಉಳಿದಿದ್ದಿತು. ಬೇಚರಜಿ ಸ್ವಾಮಿಗಳ ಮುಂದೆ ಕೈಜೋಡಿಸಿದಾಗ ಅವನ ಬುದ್ಧಿಯು ವ್ರತದ ಕಡೆಗೆ ಇರಲಿಲ್ಲ. ತಾಯಿಗೆ ಕೊಟ್ಟ ಮಾತು ಮಾತ್ರ ಇದ್ದಿತು.

ರಾಜಕೋಟೆಯಿಂದ ಮುಂಬಯಿಗೆ ಬಂದಾಗ ಮತ್ತೊಂದು ತಡೆ. ಕಡಲು ದಾಟುವುದು ಧರ್ಮಕ್ಕೆ ವಿರುದ್ಧವೆಂದು ಜಾತಿಯ ಮುಖಂಡರು ಸಭೆ ಸೇರಿಸಿ ಅವನನ್ನು ಕರೆಸಿದರು. ತಾಯಿಯ ಅಪ್ಪಣೆಯಿದೆ, ಮೂರು ವ್ರತಗಳಿವೆ, ಅವು ತನ್ನನ್ನು ಕಾಯುತ್ತವೆ ಎಂದು ಸ್ವಭಾವತಃ ಅಂಜುಬುರುಕನಾದ ಹುಡುಗನು ಸಭೆಯ ನಡುವೆ ನಿಂತು ಉತ್ತರಿಸಿದನು. ಸಭೆಯು ಅವನನ್ನು ಜಾತಿಯಿಂದ ಹೊರಗೆ ಹಾಕಿತು. ಅವನನ್ನು ಬೀಳ್ಕೊಡಲು ಬಂದರಿಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿತು. ಪತ್ನಿ ಕಸ್ತೂರಬಾಯಿಯನ್ನೂ ಕೆಲವೇ ತಿಂಗಳ ಮಗುವನ್ನೂ ಊರಿನಲ್ಲಿ ಬಿಟ್ಟು, 1888ರ ಸೆಪ್ಟೆಂಬರ್ 4ರಂದು ಅವನು ಕ್ಲೈಡ್ ಎಂಬ ಹಡಗನ್ನು ಹತ್ತಿದನು.

ಹಡಗಿನಲ್ಲಿ

ಹಡಗಿನಲ್ಲಿ ಜೊತೆಗಿದ್ದವರು ಜುನಾಗಢದ ವಕೀಲ ತ್ರ್ಯಂಬಕರಾಯ ಮಜುಮದಾರರು. ಮೋಹನದಾಸನಿಗೆ ಇಂಗ್ಲಿಷ್ ಮಾತನಾಡುವ ಅಭ್ಯಾಸವಿರಲಿಲ್ಲ. ಮುಳ್ಳುಚಮಚ ಹಿಡಿಯುವ ರೀತಿ ಗೊತ್ತಿರಲಿಲ್ಲ. ಬಡಿಸುವ ಪದಾರ್ಥಗಳಲ್ಲಿ ಮಾಂಸವಿಲ್ಲದುದು ಯಾವುದು ಎಂದು ಕೇಳುವ ಧೈರ್ಯವೂ ಬರಲಿಲ್ಲ. ಆದುದರಿಂದ ಊಟದ ಮೇಜಿನ ಬಳಿಗೆ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳನ್ನು ತನ್ನ ಕೋಣೆಯಲ್ಲಿಯೇ ತಿಂದು ದಿನ ಕಳೆದನು.

ಒಬ್ಬ ಆಂಗ್ಲ ಪ್ರಯಾಣಿಕನು ಮರುಕದಿಂದ ಬುದ್ಧಿ ಹೇಳಿದನು. ಕೆಂಪು ಸಮುದ್ರದವರೆಗೆ ಈ ಹಟ ನಡೆಯಬಹುದು, ಬಿಸ್ಕೆ ಕೊಲ್ಲಿಯ ಚಳಿಯಲ್ಲಿ ನಡೆಯದು, ಇಂಗ್ಲೆಂಡಿನಲ್ಲಂತೂ ಮಾಂಸವಿಲ್ಲದೆ ಜೀವಿಸುವುದೇ ಸಾಧ್ಯವಿಲ್ಲ ಎಂಬುದು ಅವನ ಮಾತಿನ ಸಾರ. ಅಗತ್ಯ ಬಿದ್ದರೆ ಊರಿಗೆ ಹಿಂದಿರುಗುವೆನೇ ಹೊರತು ಪ್ರತಿಜ್ಞೆಯನ್ನು ಮುರಿಯುವುದಿಲ್ಲವೆಂದು ಮೋಹನದಾಸನು ತಿಳಿಸಿದನು. ಬಿಸ್ಕೆ ಕೊಲ್ಲಿಯೂ ದಾಟಿತು. ಮಾಂಸವಾಗಲಿ ಮದ್ಯವಾಗಲಿ ಬೇಕೆನಿಸಲಿಲ್ಲ. ಮಾಂಸ ಮುಟ್ಟಲಿಲ್ಲವೆಂಬುದಕ್ಕೆ ಆ ಆಂಗ್ಲನಿಂದ ಒಂದು ಪ್ರಮಾಣಪತ್ರವನ್ನೂ ಬರೆಸಿಕೊಂಡು ಜೋಪಾನವಾಗಿ ಇಟ್ಟುಕೊಂಡನು. ಆದರೆ ಮಾಂಸ ತಿಂದವರಿಗೂ ಅಂಥ ಪತ್ರ ದೊರೆಯುತ್ತದೆಂದು ಮುಂದೆ ತಿಳಿದಾಗ ಅದರ ಮೇಲಣ ಮೋಹ ಹೋಯಿತು. ಹಿಡಿದವನ ಮಾತೇ ಸಾಲದ ವ್ರತಕ್ಕೆ ಇತರರ ಕಾಗದವು ಬಲ ಕೊಡಲಾರದು.

ಮೊದಲ ತಿಂಗಳು

ಹಡಗು ಇಂಗ್ಲೆಂಡಿನ ತೀರವನ್ನು ಸೇರಿದುದು ಸೆಪ್ಟೆಂಬರ್ ಕೊನೆಯ ಶನಿವಾರ. ಇಳಿಯುವಾಗ ಒಪ್ಪುವುದೆಂದು ಭಾವಿಸಿ ಮೋಹನದಾಸನು ಬಿಳಿಯ ಫ್ಲಾನೆಲ್ ಉಡುಪನ್ನು ತೊಟ್ಟಿದ್ದನು. ಆ ತಂಪು ಹವೆಯಲ್ಲಿ ಹಾಗೆ ಉಟ್ಟವನು ಅವನೊಬ್ಬನೇ. ಪೆಟ್ಟಿಗೆಗಳು ಏಜೆಂಟರ ವಶದಲ್ಲಿದ್ದುವು. ಮರುದಿನ ಭಾನುವಾರವಾದುದರಿಂದ ಸೋಮವಾರದವರೆಗೆ ಬೇರೆ ಉಡುಪು ಸಿಗುವಂತಿರಲಿಲ್ಲ. ಆ ಸಂಜೆ ಹೋಟೆಲಿಗೆ ಬಂದು ಕಂಡವರು ಡಾ. ಪ್ರಾಣಜೀವನ ಮೆಹತಾ ಎಂಬ ಜೈನ ಮನೆತನದ ವೈದ್ಯರು. ಇತರರ ವಸ್ತುಗಳನ್ನು ಮುಟ್ಟಬಾರದು, ಗಟ್ಟಿಯಾಗಿ ಮಾತನಾಡಬಾರದು ಎಂಬ ಆ ದೇಶದ ಮರ್ಯಾದೆಗಳ ಮೊದಲ ಪಾಠವನ್ನು ಅವರೇ ಹೇಳಿಕೊಟ್ಟರು. ಇಳಿದ ಕೆಲವೇ ದಿನಗಳಲ್ಲಿ ಅವನಿಗೆ ಹತ್ತೊಂಬತ್ತು ವರ್ಷ ತುಂಬಿತು.

ಹೋಟೆಲಿನ ವೆಚ್ಚ ಹೆಚ್ಚು, ಊಟ ಒಗ್ಗದು. ಹಣ ತೆತ್ತರೂ ಹೊಟ್ಟೆ ತುಂಬಿಸಿದುದು ಮುಂಬಯಿಯಿಂದ ತಂದ ತಿಂಡಿಯೇ. ಬಾಡಿಗೆಯ ಕೋಣೆಗೆ ಹೋದ ಮೇಲೆ ಒಂಟಿತನ ಇನ್ನಷ್ಟು ಬಲಿಯಿತು. ರಾತ್ರಿಯಾದೊಡನೆ ತಾಯಿಯ ನೆನಪು ಬಂದು ಕಣ್ಣೀರು ಹರಿಯುತ್ತಿತ್ತು. ಜನ ಹೊಸಬರು, ನಡೆನುಡಿ ಹೊಸದು, ಮನೆಗಳು ಸಹ ಹೊಸ ಬಗೆಯವು. ಅದರ ಮೇಲೆ ವ್ರತದ ಎಚ್ಚರ. ಇಂಗ್ಲೆಂಡು ಸಹಿಸಲಾಗದು, ಭಾರತಕ್ಕೆ ಹಿಂದಿರುಗುವುದೂ ಆಗದು. ಬಂದ ಮೇಲೆ ಮೂರು ವರ್ಷ ಮುಗಿಸಲೇಬೇಕೆಂದು ಮನಸ್ಸಿನ ಒಳದನಿ ಹೇಳಿತು.

ಡಾ. ಮೆಹತಾರ ಸಲಹೆಯಂತೆ, ಆ ದೇಶದ ರೀತಿನೀತಿಗಳನ್ನು ಕಲಿಯಲೆಂದು ಅವನು ರಿಚ್ಮಂಡಿನಲ್ಲಿ ಒಬ್ಬ ಭಾರತೀಯ ಸ್ನೇಹಿತನೊಡನೆ ಸುಮಾರು ಒಂದು ತಿಂಗಳು ಇದ್ದನು. ಆ ಸ್ನೇಹಿತನು ತಮ್ಮನಂತೆ ನೋಡಿಕೊಂಡನು. ಆದರೆ ಊಟವೇ ದೊಡ್ಡ ಕಷ್ಟವಾಯಿತು. ಉಪ್ಪು ಖಾರವಿಲ್ಲದೆ ಬೇಯಿಸಿದ ತರಕಾರಿ ಗಂಟಲಲ್ಲಿ ಇಳಿಯದು. ಬೆಳಿಗ್ಗೆ ಓಟ್ಸ್ ಗಂಜಿಯಿಂದ ಹೊಟ್ಟೆ ತುಂಬುತ್ತಿತ್ತು. ಮಧ್ಯಾಹ್ನವೂ ರಾತ್ರಿಯೂ ಪಾಲಕ್ ಸೊಪ್ಪು, ರೊಟ್ಟಿ, ಜಾಮು ಇಷ್ಟೇ, ಹಾಲು ಇಲ್ಲ. ಅವನು ಚೆನ್ನಾಗಿ ಉಣ್ಣುವ ತರುಣನು. ಆದರೆ ಎರಡು ಮೂರು ಚೂರು ರೊಟ್ಟಿಗಿಂತ ಹೆಚ್ಚು ಕೇಳಲು ನಾಚಿಕೆ ಅಡ್ಡಬರುತ್ತಿತ್ತು. ಅರೆಹೊಟ್ಟೆಯಲ್ಲಿಯೇ ಮೇಜಿನಿಂದ ಏಳುತ್ತಿದ್ದನು.

ಹಸಿವಿಗಿಂತ ಕಠಿಣವಾದುದು ಸ್ನೇಹಿತನ ವಾದ. ಓದುಬರಹವಿಲ್ಲದ ತಾಯಿಗೆ, ಇಲ್ಲಿನ ಪರಿಸ್ಥಿತಿ ಅರಿಯದೆ ಕೊಟ್ಟ ಮಾತಿಗೆ ಬೆಲೆಯೇನೆಂದು ಅವನು ದಿನವೂ ಕೇಳುತ್ತಿದ್ದನು. ಇಂಥ ಪ್ರತಿಜ್ಞೆಗೆ ಅಂಟಿಕೊಳ್ಳುವುದು ಬರಿಯ ಮೂಢನಂಬಿಕೆಯೆಂದೂ, ಹಿಂದೆ ಮಾಂಸ ತಿಂದವನು ಈಗ ಬೇಡವೆನ್ನುವುದು ವಿಚಿತ್ರವೆಂದೂ ಹೇಳುತ್ತಿದ್ದನು. ಬೆಂಥಾಮ್ ಎಂಬ ಆಂಗ್ಲ ತತ್ತ್ವಜ್ಞಾನಿಯ ಗ್ರಂಥವನ್ನೂ ಓದಿ ಹೇಳಿದನು. ಅದರ ಭಾಷೆ ಮೋಹನದಾಸನಿಗೆ ತಿಳಿಯಲಿಲ್ಲ. ವಾದಕ್ಕೆ ತನ್ನಲ್ಲಿ ಉತ್ತರವಿಲ್ಲ, ಮಾಂಸ ತಿನ್ನುವುದು ಅಗತ್ಯವೆಂದೂ ಒಪ್ಪುತ್ತೇನೆ, ಆದರೆ ವ್ರತವೆಂದರೆ ವ್ರತ, ಅದನ್ನು ಮುರಿಯಲಾರೆ ಎಂದು ಅವನು ಕೈಮುಗಿದು ಕ್ಷಮೆ ಬೇಡಿದನು. ಸ್ನೇಹಿತನು ಪುಸ್ತಕ ಮುಚ್ಚಿದನು. ಆ ಮೇಲೆ ವಾದಿಸಲಿಲ್ಲ.

ಆಗಮಗಳಲ್ಲಿ ಇಪ್ಪತ್ತೆರಡು ಪರೀಷಹಗಳನ್ನು ಹೇಳುವಾಗ ಕ್ಷುಧೆಯನ್ನೇ ಮೊದಲು ಹೇಳಿದೆ. ಪರೀಷಹಜಯವು ಮುನಿಗಳ ಮಾರ್ಗ. ಗೃಹಸ್ಥನಾದ ಒಬ್ಬ ವಿದ್ಯಾರ್ಥಿಯ ಹಸಿವನ್ನು ಅದರೊಡನೆ ಸಮನಾಗಿ ಇಡಲಾಗದು. ಆದರೆ ರಿಚ್ಮಂಡಿನ ಆ ಮೇಜಿನ ಮುಂದೆ ಬುದ್ಧಿಯೂ ಸ್ನೇಹವೂ ಹಸಿವೂ ಒಂದೇ ಪಕ್ಷವನ್ನು ಸೇರಿದ್ದುವು. ಎದುರು ಪಕ್ಷದಲ್ಲಿ ತಾಯಿಗೆ ಕೊಟ್ಟ ಮಾತು ಒಂದೇ ಇದ್ದಿತು. ಒಂದು ತಿಂಗಳ ಕಾಲ ಅದು ಒಂಟಿಯಾಗಿಯೇ ನಿಂತಿತು. ವ್ರತವನ್ನು ಮೊದಲು ತಿಳಿದು ಆಮೇಲೆ ಪಾಲಿಸುವವರು ಭಾಗ್ಯವಂತರು. ತಿಳಿಯುವ ತನಕ ಪಾಲನೆಯೇ ವ್ರತವನ್ನು ಕಾದಿಡುತ್ತದೆ ಎಂಬುದಕ್ಕೆ ಈ ತಿಂಗಳು ಸಾಕ್ಷಿ.

ಹೊಟ್ಟೆ ತುಂಬಿದ ದಿನ

ಅನಂತರ ಅವನು ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ಒಬ್ಬ ವಿಧವೆಯ ಮನೆಗೆ ಹೋದನು. ತನ್ನ ವ್ರತವನ್ನು ಮೊದಲೇ ತಿಳಿಸಿದನು. ಅಲ್ಲಿಯೂ ಅಡುಗೆ ರುಚಿಸಲಿಲ್ಲ, ಹಸಿವು ತಪ್ಪಲಿಲ್ಲ. ಆಕೆಯ ಇಬ್ಬರು ಹೆಣ್ಣುಮಕ್ಕಳು ಒತ್ತಾಯಿಸಿ ಒಂದೆರಡು ಚೂರು ರೊಟ್ಟಿಯನ್ನು ಹೆಚ್ಚಾಗಿ ಬಡಿಸುತ್ತಿದ್ದರು. ನವೆಂಬರ್ 6ರಂದು ಕಾನೂನು ವ್ಯಾಸಂಗಕ್ಕೆ ಇನ್ನರ್ ಟೆಂಪಲ್ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದನು.

ನಗರದಲ್ಲಿ ಸಸ್ಯಾಹಾರದ ಊಟದ ಮನೆಗಳಿವೆಯೆಂದು ಮನೆಯೊಡತಿಯಿಂದ ತಿಳಿದು, ದಿನಕ್ಕೆ 10-12 ಮೈಲಿ ನಡೆದು ಹುಡುಕತೊಡಗಿದನು. ಅಗ್ಗದ ಅಂಗಡಿಯಲ್ಲಿ ರೊಟ್ಟಿ ಕೊಂಡು ಹಸಿವು ತಣಿಸಿಕೊಳ್ಳುತ್ತಿದ್ದನು. ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂಥ ಊಟದ ಮನೆ ಕಣ್ಣಿಗೆ ಬಿದ್ದಿತು. ಬಾಗಿಲ ಬಳಿ ಮಾರಾಟಕ್ಕೆ ಇಟ್ಟಿದ್ದ ಪುಸ್ತಕಗಳಲ್ಲಿ ಸಸ್ಯಾಹಾರವನ್ನು ಸಮರ್ಥಿಸುವ ಹೆನ್ರಿ ಸಾಲ್ಟ್ ಅವರ ಗ್ರಂಥವನ್ನು ಒಂದು ಷಿಲಿಂಗಿಗೆ ಕೊಂಡು ಒಳಗೆ ಹೋದನು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡುದು ಅಂದೇ ಮೊದಲು.

ಪುಸ್ತಕವನ್ನು ಕೊನೆಯವರೆಗೆ ಓದಿದ ಮೇಲೆ ಅವನ ಒಳಗು ಬದಲಾಯಿತು. ಅಲ್ಲಿಯವರೆಗೆ ಮಾಂಸವನ್ನು ಬಿಟ್ಟುದು ಮಾತಿಗಾಗಿ. ಇನ್ನು ಮುಂದೆ ಬಿಟ್ಟುದು ಅರಿವಿನಿಂದ. ಎಲ್ಲ ಭಾರತೀಯರೂ ಮಾಂಸ ತಿನ್ನುವಂತಾಗಬೇಕೆಂದು ಬಯಸಿದ್ದ ತರುಣನು ಸಸ್ಯಾಹಾರದ ಪ್ರಚಾರಕನಾದನು. ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಸದಸ್ಯನಾದನು. 1891ರಲ್ಲಿ ಅದರ ಪತ್ರಿಕೆಗೆ ಲೇಖನಗಳನ್ನು ಬರೆದನು. ಶರೀರ ಪೋಷಣೆಗೆ ಬೇಡದುದನ್ನು ಬಿಡಬೇಕೆಂದು ಚಹಾ ಕಾಫಿಗಳನ್ನೂ ಸಾಮಾನ್ಯವಾಗಿ ಬಿಟ್ಟು ಕೋಕೋ ಕುಡಿಯತೊಡಗಿದನು. ಕಾನೂನು ವಿದ್ಯಾರ್ಥಿಗಳು ಸಂಸ್ಥೆಯ ಭೋಜನಗಳಲ್ಲಿ ಭಾಗವಹಿಸುವುದು ಕಡ್ಡಾಯವಾಗಿದ್ದಿತು. ಅಲ್ಲಿ ಅವನು ರೊಟ್ಟಿ, ಬೇಯಿಸಿದ ಆಲೂಗಡ್ಡೆ, ಕೋಸು ಇವುಗಳಲ್ಲಿಯೇ ತೃಪ್ತನಾಗುತ್ತಿದ್ದನು. ನಾಲ್ವರಿಗೆ ಎರಡು ಸೀಸೆ ಮದ್ಯ ಕೊಡುತ್ತಿದ್ದರು. ಕುಡಿಯದ ಈ ವಿದ್ಯಾರ್ಥಿಯನ್ನು ತಮ್ಮ ಪಂಕ್ತಿಗೆ ಕರೆಯಲು ಇತರರು ಪೈಪೋಟಿ ನಡೆಸುತ್ತಿದ್ದರು!

ವ್ರತದ ಅರ್ಥ ಯಾರದು?

ವ್ರತ ಉಳಿಯಿತು, ಆದರೆ ಕಲೆಯಿಲ್ಲದೆ ಅಲ್ಲ. ಮೊಟ್ಟೆಯು ಮಾಂಸವಲ್ಲ, ಅದನ್ನು ತಿಂದರೆ ಜೀವಹಿಂಸೆಯಿಲ್ಲ ಎಂದು ವಾದಿಸುವವರು ಲಂಡನ್ನಿನಲ್ಲಿ ಇದ್ದರು. ಆ ಮಾತಿಗೆ ಮರುಳಾಗಿ ಮೋಹನದಾಸನು ಸ್ವಲ್ಪ ಕಾಲ ಮೊಟ್ಟೆ ತಿಂದನು. ಬೇಗನೆ ವಿವೇಕ ಮರಳಿತು. ವ್ರತವನ್ನು ಕೊಡಿಸಿದವರು ತಾಯಿ. ಮಾಂಸವೆಂಬ ಮಾತಿಗೆ ತಾಯಿಯ ಮನಸ್ಸಿನಲ್ಲಿದ್ದ ಅರ್ಥದಲ್ಲಿ ಮೊಟ್ಟೆಯೂ ಸೇರುತ್ತದೆಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಮೊಟ್ಟೆಯನ್ನು ಬಿಟ್ಟನು. ಬಿಟ್ಟ ಮೇಲೆ ತೊಡಕು ಹೆಚ್ಚಿತು. ಸಸ್ಯಾಹಾರದ ಊಟದ ಮನೆಗಳಲ್ಲಿಯೂ ಅನೇಕ ಸಿಹಿಪದಾರ್ಥಗಳಲ್ಲಿ ಮೊಟ್ಟೆಯಿರುತ್ತಿತ್ತು. ಪ್ರತಿಯೊಂದನ್ನೂ ಕೇಳಿಕೊಂಡೇ ಉಣ್ಣಬೇಕಾಯಿತು. ಸಂಕೋಚದ ಆ ತರುಣನು ಕೇಳುವುದನ್ನೂ ಕಲಿತನು.

ವ್ರತವನ್ನು ಕೊಟ್ಟವರು ಯಾವ ಅರ್ಥದಲ್ಲಿ ಕೊಟ್ಟರೋ ಆ ಅರ್ಥದಲ್ಲಿಯೇ ಪಾಲಿಸಬೇಕು. ಎರಡು ಅರ್ಥಗಳು ಸಾಧ್ಯವಾದಲ್ಲಿ ದುರ್ಬಲ ಪಕ್ಷದವರ ಅರ್ಥವನ್ನು ಹಿಡಿಯಬೇಕು. ಈ ನಿಯಮವನ್ನು ಗಾಂಧಿಯವರು ಜೀವನವಿಡೀ ಎತ್ತಿ ಹಿಡಿದರು. ಅತಿಚಾರ ಅನಾಚಾರಗಳ ಭೇದವನ್ನು ಬಲ್ಲ ಶ್ರಾವಕರಿಗೆ ಇದರ ಸೂಕ್ಷ್ಮ ತಿಳಿಯುತ್ತದೆ. ವ್ರತವು ಒಮ್ಮೆಗೆ ಮುರಿಯುವುದು ಅಪರೂಪ. ಅರ್ಥವನ್ನು ತನಗೆ ಬೇಕಾದಂತೆ ಹಿಗ್ಗಿಸಿಕೊಳ್ಳುವುದರಿಂದ ಅದು ಸವೆಯುತ್ತದೆ.

1891ರ ಜೂನ್ 10ರಂದು ಮೋಹನದಾಸನು ಬ್ಯಾರಿಸ್ಟರನಾದನು. 12ರಂದು ಊರಿಗೆ ಹೊರಟನು. ಮುಂಬಯಿಯಲ್ಲಿ ಎದುರುಗೊಂಡ ಅಣ್ಣನು ಅಲ್ಲಿಯವರೆಗೆ ಬಚ್ಚಿಟ್ಟಿದ್ದ ಸುದ್ದಿಯನ್ನು ಹೇಳಿದನು: ತಾಯಿ ತೀರಿಕೊಂಡಿದ್ದರು. ಮೂರು ವರ್ಷ ಕಾದು ತಂದ ವ್ರತವನ್ನು ಆಕೆಯ ಪಾದದ ಬಳಿ ಇಡುವ ಭಾಗ್ಯ ಮಗನಿಗೆ ದೊರೆಯಲಿಲ್ಲ. ದುಃಖವನ್ನು ಒಳಗೇ ನುಂಗಿಕೊಂಡು ಅವನು ನಿತ್ಯದ ಕೆಲಸಗಳಲ್ಲಿ ತೊಡಗಿದನು. ಕೇಳುವವರು ಇಲ್ಲದಾದ ಮೇಲೆಯೂ ವ್ರತ ಹಾಗೆಯೇ ಮುಂದುವರಿಯಿತು.

ಬಾಳಿನುದ್ದಕ್ಕೂ ವ್ರತ

ಅದೇ ದಿನಗಳಲ್ಲಿ ಮುಂಬಯಿಯಲ್ಲಿ ಡಾ. ಮೆಹತಾರ ಮನೆಯಲ್ಲಿ ಜೈನ ಸಾಧಕರಾದ ರಾಯಚಂದಭಾಯಿಯವರ ಪರಿಚಯವಾಯಿತು. ಶ್ರೀಮದ್ ರಾಜಚಂದ್ರರೆಂದು ಪ್ರಸಿದ್ಧರಾದ ಅವರು ವಜ್ರದ ವ್ಯಾಪಾರಿ, ಶತಾವಧಾನಿ, ಆತ್ಮಾರ್ಥಿ. ದಕ್ಷಿಣ ಆಫ್ರಿಕದಲ್ಲಿ ಧರ್ಮದ ಸಂಶಯಗಳು ಕಾಡಿದಾಗ ಗಾಂಧಿಯವರು ಅವರಿಗೇ ಬರೆದು ಉತ್ತರ ಪಡೆದರು. 1901ರಲ್ಲಿ, ಇನ್ನೂ ತರುಣರಾಗಿದ್ದಾಗಲೇ ರಾಜಚಂದ್ರರು ದೇಹ ಬಿಟ್ಟರು.

1906ರಲ್ಲಿ ಗಾಂಧಿಯವರು ಬ್ರಹ್ಮಚರ್ಯ ವ್ರತವನ್ನು ಸ್ವೀಕರಿಸಿದರು. 1908ರಲ್ಲಿ ಮೊದಲ ಬಾರಿ ಸೆರೆಮನೆಗೆ ಹೋದಾಗ, ಸೂರ್ಯಾಸ್ತಕ್ಕೆ ಮೊದಲೇ ಕೊನೆಯ ಊಟ ಮುಗಿಸಬೇಕು, ಚಹಾ ಕಾಫಿ ಇಲ್ಲವೆಂಬ ಕಟ್ಟಳೆ ಅಲ್ಲಿ ಇದ್ದಿತು. ಹೊರಗೆ ಬಂದ ಮೇಲೆ ಅದನ್ನೇ ತಾವಾಗಿ ಕೈಗೊಂಡರು. ಹೊರಗಿನವರು ಹೇರಿದಾಗ ಶಿಕ್ಷೆಯಾಗಿದ್ದುದು ಒಳಗಿನಿಂದ ಒಪ್ಪಿದಾಗ ಸಂಯಮವಾಯಿತು. 1915ರಲ್ಲಿ ಹರಿದ್ವಾರದ ಕುಂಭಮೇಳದಲ್ಲಿ, ತಮ್ಮ ಊಟಕ್ಕಾಗಿ ಆತಿಥೇಯರು ಪಡುತ್ತಿದ್ದ ಶ್ರಮ ವೆಚ್ಚಗಳಿಗೆ ನೊಂದು, ಭಾರತದಲ್ಲಿರುವಾಗ ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥಗಳನ್ನು ಸೇವಿಸುವುದಿಲ್ಲವೆಂದೂ ಕತ್ತಲಾದ ಮೇಲೆ ಉಣ್ಣುವುದಿಲ್ಲವೆಂದೂ ವ್ರತ ತೊಟ್ಟರು. ಔಷಧವನ್ನು ಸಹ ಆ ಐದರಲ್ಲಿಯೇ ಎಣಿಸಿದರು.

ಒಂದು ವ್ರತದ ವಿಷಯದಲ್ಲಿ ಮಾತ್ರ ಅವರಿಗೆ ಕೊರಗು ಉಳಿಯಿತು. 1912ರಲ್ಲಿ ಅವರು ಹಾಲನ್ನು ಬಿಟ್ಟಿದ್ದರು. ಹಸು ಎಮ್ಮೆಗಳಿಗೆ ಕೊಡುವ ಹಿಂಸೆಯ ಸಂಗತಿ ತಿಳಿದುದೂ ಅದಕ್ಕೆ ಕಾರಣವಾಗಿತ್ತು. 1918ರಲ್ಲಿ ಕಠಿಣ ಆಮಶಂಕೆಯಿಂದ ಮರಣದ ಸಮೀಪಕ್ಕೆ ಹೋದರು. ಹಾಲಿಲ್ಲದೆ ಶರೀರ ಚೇತರಿಸದೆಂದು ವೈದ್ಯರು ಹೇಳಿದಾಗ, ಆಡಿನ ಹಾಲಿಗೆ ಆ ವ್ರತ ಅಡ್ಡಿಯಾಗದೆಂದು ಕಸ್ತೂರಬಾ ನೆನಪಿಸಿದರು. ದೇಶಸೇವೆಯ ಹಂಬಲಕ್ಕೆ ಸೋತು ಅವರು ಆಡಿನ ಹಾಲು ಕುಡಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂದು ತಾವೇ ಒಪ್ಪಿಕೊಂಡರು. ಆ ಮುಳ್ಳನ್ನು ಎಂದೂ ಮುಚ್ಚಿಡಲಿಲ್ಲ. ವ್ರತಿಯಾದವನು ಶಲ್ಯರಹಿತನಾಗಿರಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ದೋಷವನ್ನು ದೋಷವೆಂದು ಒಪ್ಪುವುದು ಆ ದಾರಿಯ ಮೊದಲ ಹೆಜ್ಜೆ.

ಕಾಫಿಯ ನಾಡಿಗೆ

1927ರ ಮಾರ್ಚ್ ಕೊನೆಯಲ್ಲಿ ಖಾದಿಯ ಪ್ರವಾಸದಲ್ಲಿದ್ದಾಗ ಗಾಂಧಿಯವರ ಆರೋಗ್ಯ ಕುಸಿಯಿತು. ವಿಶ್ರಾಂತಿಗಾಗಿ ನಂದಿಬೆಟ್ಟದಲ್ಲಿ, ಅನಂತರ ಬೆಂಗಳೂರಿನಲ್ಲಿ ಅವರು ತಂಗಿದ್ದರು. ಆಗಸ್ಟ್‌ನಲ್ಲಿ ಮೈಸೂರು ಸಂಸ್ಥಾನದ ಊರುಗಳಲ್ಲಿ ಸಂಚರಿಸುತ್ತ ಚಿಕ್ಕಮಗಳೂರಿಗೂ ಬಂದರು. ಆಗ ಅದು ಕಡೂರು ಜಿಲ್ಲೆಯ ಮುಖ್ಯಪಟ್ಟಣ. ಅವರ ಆತ್ಮಕಥೆಯು ಆ ದಿನಗಳಲ್ಲಿ ಅವರ ಪತ್ರಿಕೆಯಲ್ಲಿ ಕಂತುಕಂತಾಗಿ ಅಚ್ಚಾಗುತ್ತಿದ್ದಿತು.

ಬಾಬಾ ಬುಡನರು ಕಾಫಿಯ ಬೀಜವನ್ನು ತಂದು ಬಿತ್ತಿದರೆಂದು ಹೇಳುವ ಬೆಟ್ಟಗಳ ಬುಡಕ್ಕೆ ಬಂದ ಆ ಅತಿಥಿಯು, ಕಾಫಿಯನ್ನು ಸಂಯಮಕ್ಕಾಗಿ ಬಿಟ್ಟವರು. ಬಂದುದು ಮಲೆನಾಡಿನ ಮಳೆಗಾಲದಲ್ಲಿ, ಚಾತುರ್ಮಾಸದ ನಡುವೆ. ಕತ್ತಲಾದ ಮೇಲೆ ಉಣ್ಣದ ನಿಯಮಕ್ಕೆ ಆಗ ಹನ್ನೆರಡು ವರ್ಷ. ಜಾತಿಯ ಸಭೆಯಲ್ಲಿ ಬಹಿಷ್ಕೃತನಾಗಿ ಕಡಲು ದಾಟಿದ ಹುಡುಗನು ಈಗ ಐವತ್ತೆಂಟರ ಅಂಚಿನಲ್ಲಿದ್ದರು. ಬೇಚರಜಿ ಸ್ವಾಮಿಗಳ ಎದುರಿಗೆ ತೊಟ್ಟ ಪ್ರತಿಜ್ಞೆಯ ಬೀಜ ಅಷ್ಟು ದೂರ ಬೆಳೆದಿತ್ತು.

ಲಂಡನ್ನಿನ ಹಸಿವು ಬೇಡದೆ ಬಂದುದು. ಮುಂದಿನ ಉಪವಾಸಗಳು ತಾವಾಗಿ ಕೈಗೊಂಡವು. 1924ರಲ್ಲಿ ದೆಹಲಿಯಲ್ಲಿ 21 ದಿನ, 1932ರ ಸೆಪ್ಟೆಂಬರಿನಲ್ಲಿ ಯರವಡಾ ಸೆರೆಮನೆಯಲ್ಲಿ, 1943ರಲ್ಲಿ ಆಗಾಖಾನ್ ಅರಮನೆಯ ಬಂಧನದಲ್ಲಿ ಮತ್ತೆ 21 ದಿನ, 1947ರ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ, 1948ರ ಜನವರಿ 13ರಿಂದ 18ರವರೆಗೆ ದೆಹಲಿಯಲ್ಲಿ ಅವರು ಉಪವಾಸ ಮಾಡಿದರು. ಆ ತಿಂಗಳ 30ರಂದು ಹಂತಕನ ಗುಂಡಿಗೆ ಬಲಿಯಾದರು. ಅವರ ಉಪವಾಸಗಳಲ್ಲಿ ಲೋಕದ ಉದ್ದೇಶಗಳೂ ಸೇರಿದ್ದುವು. ಕಷಾಯ, ವಿಷಯ, ಆಹಾರ ಮೂರನ್ನೂ ತ್ಯಜಿಸಿ ಕರ್ಮನಿರ್ಜರೆಗಾಗಿ ಮಾಡುವ ಉಪವಾಸದ ಮಾರ್ಗ ಬೇರೆ. ಆದರೆ ಮಾತಿಗೆ ತಪ್ಪದಿರುವ ನಿಷ್ಠೆಯು ಎರಡು ಮಾರ್ಗಗಳಿಗೂ ಬೇಕು.

ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ಮನೆಗಳು ಇದರಿಂದ ತಿಳಿಯಬೇಕಾದುದು ಕೆಲವೇ ಮಾತು. ಪುತಲೀಬಾಯಿಯವರು ಮಗನಿಗೆ ಅನೇಕ ನಿಷೇಧಗಳ ಪಟ್ಟಿ ಕೊಡಲಿಲ್ಲ. ಮೂರನ್ನೇ, ಸ್ಪಷ್ಟವಾಗಿ, ಸಾಧುವಿನ ಸಾಕ್ಷಿಯಲ್ಲಿ ಕೊಡಿಸಿದರು, ಬೇರೂರಿದುದು ಅದಕ್ಕಾಗಿ. ಅವರು ಹೇಳಲಾರದೆ ಹೋದುದು, ಅಲ್ಲಿ ಉಣ್ಣಬಹುದಾದುದು ಏನು ಎಂಬುದನ್ನು. ಅದನ್ನು ಇಂದಿನ ಮನೆಗಳು ಹೇಳಬಲ್ಲವು. ಹೊರಡುವ ಮೊದಲು ಮಕ್ಕಳಿಗೆ ಅನ್ನ, ಬೇಳೆ, ರೊಟ್ಟಿ, ಪಲ್ಯಗಳನ್ನು ತಾವೇ ಬೇಯಿಸಿಕೊಳ್ಳುವುದನ್ನು ಕಲಿಸಬಹುದು. ನಾಚದೆ ಕೇಳಿ ತಿಳಿದು ಉಣ್ಣುವುದನ್ನು ರೂಢಿಸಬಹುದು. ಚಳಿಗಾಲದಲ್ಲಿ ಲಂಡನ್ನಿನಂಥ ಊರುಗಳಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವುದರಿಂದ, ರಾತ್ರಿಭೋಜನ ತ್ಯಾಗದ ನಿಯಮವುಳ್ಳವರು ಆ ದಿನಚರಿಯನ್ನು ಮೊದಲೇ ಯೋಚಿಸಿಕೊಳ್ಳಬೇಕು. ತಮ್ಮ ಶಕ್ತಿಯನ್ನು ಅರಿತು ಗುರುಗಳನ್ನು ಕೇಳಿಯೇ ನಿಯಮ ಹಿಡಿಯಬೇಕು. ಮೊದಲ ತಿಂಗಳಿನಲ್ಲಿ ಕಣ್ಣೀರು ಬರಬಹುದು, ಅರೆಹೊಟ್ಟೆಯ ದಿನಗಳೂ ಬರಬಹುದು. ವಾದದಲ್ಲಿ ಸೋತರೂ ವ್ರತದಲ್ಲಿ ಸೋಲದೆ ಆ ತಿಂಗಳನ್ನು ದಾಟಿದ ವಿದ್ಯಾರ್ಥಿಗೆ, ತಾನು ಪಾಲಿಸುತ್ತಿರುವುದರ ಅರ್ಥವು ಒಂದು ದಿನ ತಾನಾಗಿ ಹೊಳೆಯುತ್ತದೆ.